ಅವಳು ಗುಂಡಿ ಒತ್ತಲೇ ಇಲ್ಲ

ಕೊರೊನಾ ಮುಗಿದು ಶಾಲೆಗಳು ಮತ್ತೆ ಮೊದಲಿನಂತೆ ನಡೆಯತೊಡಗಿದ ಮರುವರ್ಷದ ಮಾತು. ನಾನಾಗ ಬನಹಟ್ಟಿಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಮನೆ ಜಮಖಂಡಿಯಲ್ಲಿ, ದಿನವೂ ಬಸ್ಸಿನಲ್ಲಿ ಓಡಾಟ. ಪರೀಕ್ಷೆ ಹತ್ತಿರ ಬಂದಿದ್ದ ಒಂದು ದಿನ ಹೆಡ್‌ಮಾಸ್ತರರು ಕರೆದು, ಮೊಬೈಲಿಗೆ ಬಂದಿದ್ದ ಸುತ್ತೋಲೆಯೊಂದನ್ನು ತೋರಿಸಿದರು. ಧಾರವಾಡದ ಒಂದು ಸಂಶೋಧನಾ ಕೇಂದ್ರದವರು ಅಲ್ಪಸಂಖ್ಯಾತ ಸಮುದಾಯದ ಹೈಸ್ಕೂಲು ಮಕ್ಕಳಿಗಾಗಿ ಬೇಸಿಗೆ ರಜೆಯಲ್ಲಿ ವಿಜ್ಞಾನ ಶಿಬಿರ ಮಾಡುವವರಿದ್ದರು. ಮಗುವಿನ ಜೊತೆ ಅದೇ ಶಾಲೆಯ ಒಬ್ಬ ಶಿಕ್ಷಕರೂ ಬರಬೇಕು, ಇಬ್ಬರೂ ಕೂಡಿ ಒಂದು ಪ್ರಶ್ನೆ ಹಿಡಿದು ಸಂಶೋಧನೆ ಮಾಡಬೇಕು. ಊಟ, ವಸತಿ ಎಲ್ಲ ಅವರದೇ.

"ಯಾರನ್ನ ಕಳಸೂನ್ರಿ ಅಕ್ಕೋರ?" ಎಂದರು ಹೆಡ್‌ಮಾಸ್ತರರು. ನಮ್ಮ ಕಡೆ ಶಿಕ್ಷಕಿಯರನ್ನು ಕರೆಯುವುದೇ ಹಾಗೆ.

"ತಸ್ಲೀಮಾನ್ನ ಕಳಸೂನ್ರಿ," ಎಂದೆ. ಯೋಚಿಸುವ ಅಗತ್ಯವೇ ಬೀಳಲಿಲ್ಲ.

ತಸ್ಲೀಮಾ ಒಂಬತ್ತನೇ ಇಯತ್ತೆಯವಳು. ಮಾತು ಕಡಿಮೆ. ಆದರೆ ಪಾಠ ಮುಗಿದ ಮೇಲೆ ಮೇಜಿನ ಹತ್ತಿರ ಬಂದು ನಿಂತು ಏನಾದರೊಂದು ಕೇಳದೆ ಹೋಗುತ್ತಿರಲಿಲ್ಲ. "ನೂಲಿಗಿ ಗಂಜಿ ಹಚ್ಚಿದ್ರ ಯಾಕ ಗಟ್ಟಿ ಆಗತೈತ್ರಿ ಅಕ್ಕೋರ?" ಎಂದು ಒಮ್ಮೆ ಕೇಳಿದ್ದಳು. ನನಗೆ ತಕ್ಷಣ ಉತ್ತರ ಹೊಳೆಯದೆ ಮನೆಗೆ ಹೋಗಿ ಓದಿಕೊಂಡು ಬಂದಿದ್ದೆ.

ಅವರಪ್ಪ ದಸ್ತಗೀರಸಾಬರನ್ನು ಒಪ್ಪಿಸಲು ನಾನೇ ಮನೆಗೆ ಹೋದೆ. ಮನೆಯೆಂದರೆ ಮುಂದಿನ ಪಡಸಾಲೆಯ ತುಂಬ ಪವರ್‌ಲೂಮ್ ಮಗ್ಗಗಳು, ಹಿಂದೆ ಎರಡು ಕೋಣೆ. ಆ ಸದ್ದಿನಲ್ಲಿ ಒಳಗೆ ನಿಂತು ಮಾತಾಡುವುದು ಸಾಧ್ಯವೇ ಇರಲಿಲ್ಲ. ಅವರು ಕೈಸನ್ನೆ ಮಾಡಿ ನನ್ನನ್ನು ಓಣಿಗೆ ಕರೆತಂದರು.

"ಹುಡುಗೀನ್ನ ಅಷ್ಟ ದಿನ ಹೊರಗಿನ ಊರಾಗ ಇಡೂದಂದ್ರ ಹೆಂಗ್ರಿ ಅಕ್ಕೋರ?"

"ನಾ ಸಂಗಾಟ ಇರ್ತೀನಲ್ರಿ. ಒಂದs ಖೋಲ್ಯಾಗ ಇರ್ತೀವಿ."

ಅವರು ತಲೆ ಕೆರೆದುಕೊಂಡರು. ಬಾಗಿಲಲ್ಲಿ ನಿಂತಿದ್ದ ತಾಯಿ ಮಾಬೂಬಿ, "ಹೋಗ್ಲಿ ಬಿಡ್ರಿ. ಸೂಟ್ಯಾಗ ಮನ್ಯಾಗಿದ್ರ ಕಂಡಿಕಿ ಸುತ್ತೂದs ಐತಿ. ಒಂದೀಟು ಹೊರಗಿಂದೂ ನೋಡ್ಲಿ," ಎಂದಳು. ಲಾಳಿಯೊಳಗೆ ಕೂರುವ ಕಂಡಿಕೆಗೆ ನೂಲು ಸುತ್ತುವುದು ಆ ಓಣಿಯ ಹೆಣ್ಣುಮಕ್ಕಳ ರಜೆಯ ಕೆಲಸ. ಅವಳ ಸೆರಗು ಹಿಡಿದುಕೊಂಡು ಸಣ್ಣ ಮಗಳು ಆಫಿಯಾ ನನ್ನನ್ನೇ ನೋಡುತ್ತಿತ್ತು. ಇನ್ನೂ ಅಂಗನವಾಡಿಗೆ ಹೋಗುವ ಮಗು. ದಸ್ತಗೀರಸಾಬರು ಹೆಂಡತಿಯ ಕಡೆ, ಆಮೇಲೆ ನನ್ನ ಕಡೆ ನೋಡಿ, "ಆತು, ಹಂಗಾರ. ನಿಮ್ಮ ಮ್ಯಾಲ ಭಾರಾ ಹಾಕೀನ್ರಿ," ಎಂದರು.

ಧಾರವಾಡದಲ್ಲಿ ಮೊದಲ ದಿನಗಳು ಬಹಳ ಚೆನ್ನಾಗಿದ್ದವು. ನನಗೂ ಅದು ಹೊಸದು. ಬಿ.ಎಸ್ಸಿ. ಮುಗಿದ ಮೇಲೆ ನಿಜವಾದ ಪ್ರಯೋಗಾಲಯದಲ್ಲಿ ಕೈಯಾಡಿಸಿದ್ದು ಅದೇ ಮೊದಲು. ನಮ್ಮ ಗುಂಪಿಗೆ ಮಾರ್ಗದರ್ಶಕಿಯಾಗಿದ್ದ ಮೇಡಂ ಮೈಸೂರು ಕಡೆಯವರು. ನಿಮ್ಮ ನಿಮ್ಮ ಊರಿನಿಂದಲೇ ಒಂದು ಪ್ರಶ್ನೆ ತನ್ನಿ ಎಂದರು. ಗಲಗಲಿಯಿಂದ ಬಂದ ಹುಡುಗ ಹೊಳೆಯ ನೀರಿನ ಬಗ್ಗೆ ಹೇಳಿದ. ಇನ್ನೊಬ್ಬ ಕಬ್ಬಿನ ಒಣ ಎಲೆಯ ರವದಿ ಸುಡುವ ಹೊಗೆ ಎಂದ. ತಸ್ಲೀಮಾ ಎದ್ದು ನಿಂತು, "ನಮ್ಮನ್ಯಾಗ ಎಷ್ಟ ಸಪ್ಪಳ ಇರತೈತಿ ಅನ್ನೂದನ್ನ ಅಳ್ಯಾಕ ಬರತೈತೇನ್ರಿ?" ಎಂದಳು.

"ಬರುತ್ತಮ್ಮ," ಎಂದರು ಮೇಡಂ ಖುಷಿಯಿಂದ. "ಆದ್ರೆ ಸದ್ದು ಅಳೆದ್ರೆ ಅರ್ಧ ಕೆಲಸ ಅಷ್ಟೇ. ಅದು ಕಿವಿಗೆ ಏನು ಮಾಡಿದೆ ಅಂತಾನೂ ನೋಡ್ಬೇಕು."

ಹೀಗೆ ನಮ್ಮ ಕೆಲಸ ಶುರುವಾಯಿತು. ಸದ್ದು ಅಳೆಯುವ ಉಪಕರಣ ಹಿಡಿಯುವುದನ್ನು ಕಲಿತೆವು. ಕಂಪ್ಯೂಟರಿನ ಪರದೆಯ ಮೇಲೆ ತನ್ನದೇ ದನಿ ಅಲೆಯಾಗಿ ಏಳುವುದನ್ನು ನೋಡಿ ತಸ್ಲೀಮಾ ಮತ್ತೆ ಮತ್ತೆ "ಅಮ್ಮೀ, ಅಮ್ಮೀ" ಎಂದು ಕೂಗಿ ನಗುತ್ತಿದ್ದಳು.

ಕಿವಿ ಪರೀಕ್ಷೆ ಮಾಡುವುದನ್ನು ಕಲಿಯಲು ಮೇಡಂ ನಮ್ಮನ್ನು ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದರು. ಗೋಡೆಗೆಲ್ಲ ದಪ್ಪ ಮೆತ್ತೆ ಹೊಡೆದ ಸಣ್ಣ ಕೋಣೆ, ನಡುವೆ ಗಾಜಿನ ಕಿಟಕಿ. ಒಳಗೆ ಕೂತವರ ಕಿವಿಗೆ ಹೆಡ್‌ಫೋನ್ ಹಾಕುತ್ತಾರೆ, ಕೈಗೆ ಒಂದು ಗುಂಡಿ ಕೊಡುತ್ತಾರೆ. ದನಿ ಕೇಳಿದಾಗೆಲ್ಲ ಗುಂಡಿ ಒತ್ತಬೇಕು. ಹೊರಗೆ ಯಂತ್ರದ ಮುಂದೆ ಕೂತವರಿಗೆ, ದನಿ ಬಿಟ್ಟಾಗೊಮ್ಮೆ ಒಂದು ದೀಪ ಹೊತ್ತಿಕೊಳ್ಳುವುದು ಕಾಣುತ್ತದೆ.

ಮೊದಲು ನಾನು ಕೂತೆ. ಆಮೇಲೆ ತಸ್ಲೀಮಾ. ಅವಳು ಒಳಗೆ ಕೂತು ದುಪಟ್ಟಾ ಸರಿ ಮಾಡಿಕೊಂಡು, ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟು ನನ್ನ ಕಡೆ ನೋಡಿ ನಕ್ಕಳು. ದಪ್ಪ ದನಿಗಳಿಗೆ ಪಟಪಟನೆ ಒತ್ತಿದಳು. ಪರೀಕ್ಷೆ ಮಾಡುತ್ತಿದ್ದ ಹುಡುಗಿ ನಿಧಾನವಾಗಿ ಸಣ್ಣ, ಚೂಪು ದನಿಗಳಿಗೆ ಬಂದಳು. ದೀಪ ಹೊತ್ತಿತು. ತಸ್ಲೀಮಾಳ ಬೆರಳು ಅಲ್ಲಾಡಲಿಲ್ಲ. ದನಿ ಏರಿಸಿದಳು. ದೀಪ ಹೊತ್ತಿತು. ಬೆರಳು ಅಲ್ಲೇ ಇತ್ತು. ಇನ್ನೂ ಏರಿಸಿದಳು. ನಾನು ಯಂತ್ರದ ಕಡೆ ನೋಡುವುದು, ಗಾಜಿನ ಕಡೆ ನೋಡುವುದು. ತಸ್ಲೀಮಾ ಮಾತ್ರ ಕಣ್ಣರಳಿಸಿಕೊಂಡು, ಒಂದು ದನಿಯನ್ನೂ ತಪ್ಪಿಸಿಕೊಳ್ಳಬಾರದೆಂಬ ಹಾಗೆ ಸಿದ್ಧವಾಗಿ ಕೂತಿದ್ದಳು.

ಕೊನೆಗೆ ಅವಳೇ ಒಳಗಿನಿಂದ ಕೇಳಿದಳು: "ಅಕ್ಕೋರ, ಮಷಿನ್ ಬಂದ್ ಆತೇನ್ರಿ?"

ಯಂತ್ರ ಕೆಟ್ಟಿರಬಹುದೆಂದು ಇನ್ನೊಂದು ಯಂತ್ರ ತಂದರು. ಅದೂ ಅದನ್ನೇ ತೋರಿಸಿತು. ಡಾಕ್ಟರು ಬಂದು ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರು. ಮೇಣವಿಲ್ಲ, ಕೀವಿಲ್ಲ, ಪರದೆ ಸರಿಯಿದೆ. ಒಳಗಿನ ನರ ಸವೆದಿದೆ ಎಂದರು. ಹುಟ್ಟಿದಾಗಿನಿಂದ ಮಗ್ಗದ ಸದ್ದಿನಲ್ಲೇ ಬೆಳೆದಿದ್ದಾಳೆ, ಕಾರಣ ಅದೇ ಇರಬೇಕು. ಹೋದದ್ದು ವಾಪಸ್ಸು ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಬೇಕು. ಎದುರಿಗೆ ಕೂತವರ ಮಾತು ಹೇಗೆ ತಿಳಿಯುತ್ತಿದೆ ಎಂದು ನಾನು ಕೇಳಿದೆ. "ಅರ್ಧ ಕಿವಿಯಿಂದ, ಅರ್ಧ ನಿಮ್ಮ ತುಟಿ ನೋಡಿ," ಎಂದರು ಡಾಕ್ಟರು. ಕ್ಲಾಸಿನಲ್ಲಿ ಅವಳು ರೆಪ್ಪೆ ಬಡಿಯದೆ ನನ್ನ ಮುಖವನ್ನೇ ನೋಡುತ್ತಿದ್ದದ್ದು ಆಗ ಅರ್ಥವಾಯಿತು.

ಅಂದು ಸಂಜೆ ಹಾಸ್ಟೆಲಿನ ಮೆಟ್ಟಿಲ ಮೇಲೆ ಅವಳು ನನ್ನ ಪಕ್ಕ ಬಂದು ಕೂತಳು. ಅಳುತ್ತಾಳೆಂದುಕೊಂಡಿದ್ದೆ. ಅಳಲಿಲ್ಲ.

"ಅಬ್ಬಾಗ ಈಗ ಹೇಳಬ್ಯಾಡ್ರಿ ಅಕ್ಕೋರ. ಬಂದು ಕರಕೊಂಡ ಹೋಗಿಬಿಡ್ತಾರ. ಇದೊಂದು ಕೆಲಸಾ ಮುಗೀಲಿ."

ಮೇಡಂ ಜೊತೆ ಮಾತಾಡಿದೆ. ಫೋನಿನಲ್ಲಿ ಹೇಳುವ ವಿಷಯವಲ್ಲ, ಕೊನೆಯ ದಿನ ತಂದೆ ತಾಯಿ ಬಂದಾಗ ಡಾಕ್ಟರೇ ಕೂರಿಸಿಕೊಂಡು ತಿಳಿಹೇಳಲಿ ಎಂದರು. ನಾನೂ ಒಪ್ಪಿದೆ. ಅಷ್ಟು ದಿನ ದಸ್ತಗೀರಸಾಬರು ಫೋನ್ ಮಾಡಿ "ಹೆಂಗದಾಳ್ರಿ ನಮ್ಮ ಹುಡುಗಿ?" ಎಂದಾಗೆಲ್ಲ "ಛಲೋ ಅದಾಳ್ರಿ" ಎನ್ನುವುದು ನನ್ನ ಪಾಲಿಗೆ ಬಂತು.

ಮುಂದಿನ ವಾರ ಉಪಕರಣಗಳನ್ನು ಹಿಡಿದುಕೊಂಡು ಬನಹಟ್ಟಿಗೆ ಬಂದೆವು. ಮಗ್ಗದ ಮನೆಗಳಲ್ಲಿ ಸದ್ದು ಅಳೆದೆವು. ಉಪಕರಣದಲ್ಲಿ ಅಪಾಯದ ಗೆರೆ ಎಲ್ಲಿತ್ತೋ ಅದನ್ನು ದಾಟದ ಮನೆ ಒಂದೂ ಸಿಗಲಿಲ್ಲ. ಶಾಲೆಯ ಮೂಲೆಯ ಕೋಣೆಯಲ್ಲಿ, ಆಸ್ಪತ್ರೆಯ ಹುಡುಗಿಯ ಕೈಯಿಂದ ಓಣಿಯವರ ಕಿವಿ ಪರೀಕ್ಷೆಯೂ ನಡೆಯಿತು. ಮೊದಲೆರಡು ದಿನ ಜನ ಸಂಭ್ರಮದಿಂದ ಬಂದರು. ಮೂರನೆಯ ದಿನ ತಸ್ಲೀಮಾಳ ನೆರೆಮನೆಯ ಗಂಗವ್ವ ತನ್ನ ಮಗಳನ್ನು ಬಾಗಿಲಿನಿಂದಲೇ ವಾಪಸ್ಸು ಕರೆದುಕೊಂಡು ಹೊರಟಳು.

"ಹಿಂಗs ಕಿವಿ ಕೆಟ್ಟಾವ ಅಂತ ನೀವು ಬರಕೊಂಡ ಹೋದ್ರ, ನಾಳೆ ನಮ್ಮ ಹುಡುಗ್ಯಾರನ್ನ ಯಾರ ಮಾಡ್ಕೋತಾರ್ರಿ ಅಕ್ಕೋರ? ನಿಮಗೇನ, ನೀವು ಸಂಜೀಕ ಬಸ್ ಹತ್ತಿ ಜಮಖಂಡಿಗಿ ಹೋಗ್ತೀರಿ."

ಯಾರ ಹೆಸರೂ ಬರೆಯುವುದಿಲ್ಲ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಮರುದಿನದಿಂದ ಓಣಿಯವರು ಬರುವುದು ನಿಂತಿತು. ಅಷ್ಟರಲ್ಲಿ ಮಾಬೂಬಿಯ ಪರೀಕ್ಷೆ ಆಗಿತ್ತು. ಅವಳದು ಮಗಳಿಗಿಂತ ಹೆಚ್ಚು ಹೋಗಿತ್ತು. ಏನು ಗೊತ್ತಾಯಿತೆಂದು ಅವಳು ಕೇಳಲೂ ಇಲ್ಲ. "ನನಗ ವಯಸ್ಸಾತ್ ಬಿಡ್ರಿ," ಎಂದು ನಕ್ಕಳು. ನನಗಿಂತ ಚಿಕ್ಕವಳು ಅವಳು. ಸಣ್ಣವಳು ಆಫಿಯಾ ಮಾತ್ರ ಪ್ರತಿ ದನಿಗೂ ಗುಂಡಿ ಒತ್ತಿ, ಒತ್ತಿದಾಗೊಮ್ಮೆ ಚಪ್ಪಾಳೆ ತಟ್ಟಿತು. ತಸ್ಲೀಮಾ ತಂಗಿಯ ಹೆಡ್‌ಫೋನ್ ತೆಗೆದು, ಎರಡೂ ಕಿವಿಗೆ ಒಂದೊಂದು ಮುತ್ತು ಕೊಟ್ಟಳು. ದಸ್ತಗೀರಸಾಬರು ಕೆಲಸ ಬಿಟ್ಟು ಬರಲಾಗುವುದಿಲ್ಲವೆಂದು ಪರೀಕ್ಷೆಗೇ ಬರಲಿಲ್ಲ.

ಕೊನೆಯ ದಿನಕ್ಕೆ ಮಾತ್ರ ಅವರು ಮಗ್ಗ ನಿಲ್ಲಿಸಿ, ಮಾಬೂಬಿಯನ್ನು ಸಣ್ಣವಳ ಜೊತೆ ಮನೆಯಲ್ಲೇ ಬಿಟ್ಟು, ಇಸ್ತ್ರಿ ಅಂಗಿ ಹಾಕಿಕೊಂಡು ಧಾರವಾಡಕ್ಕೆ ಬಂದರು. ಆದರೆ ಬಸ್ಸು ತಡವಾಗಿ, ಅವರು ಸಭಾಂಗಣಕ್ಕೆ ಬರುವಷ್ಟರಲ್ಲಿ ಕಾರ್ಯಕ್ರಮ ಶುರುವಾಗಿತ್ತು. ಮೊದಲೇ ಡಾಕ್ಟರ ಹತ್ತಿರ ಕೂರಿಸಬೇಕೆಂದಿದ್ದ ನಮ್ಮ ಲೆಕ್ಕ ತಪ್ಪಿತು. ಅವರು ನನ್ನ ಪಕ್ಕದ ಕುರ್ಚಿಯಲ್ಲಿ ಕೂತು, ಬೆವರು ಒರೆಸಿಕೊಂಡು, "ನಮ್ಮ ಹುಡುಗಿ ಪಾಳಿ ಯಾವಾಗ್ರಿ?" ಎಂದರು. ಅದಾಗಲೇ ತಸ್ಲೀಮಾಳ ಹೆಸರು ಕೂಗಿದ್ದರು.

ಅವಳು ಚೆನ್ನಾಗಿ ಮಾತಾಡಿದಳು. ಪರದೆಯ ಮೇಲೆ ಒಬ್ಬೊಬ್ಬರ ಕಿವಿಗೂ ಒಂದೊಂದು ಗೆರೆ. ಬಲಗಡೆ ಚೂಪು ದನಿಗಳತ್ತ ಬರುಬರುತ್ತ ಹೆಚ್ಚಿನ ಗೆರೆಗಳು ಕೆಳಕ್ಕೆ ಬಾಗಿದ್ದವು; ಕೆಳಗಿಳಿದಷ್ಟೂ ಕಿವಿ ಹೆಚ್ಚು ಹೋಗಿದೆಯೆಂದು ಅರ್ಥ. ಮುಗಿದ ಮೇಲೆ ಹಿಂದಿನ ಸಾಲಿನಿಂದ ಹಿರಿಯ ವಿಜ್ಞಾನಿಯೊಬ್ಬರು ಎದ್ದು, ಪರೀಕ್ಷೆಗೆ ಜನರನ್ನು ಹೇಗೆ ಆರಿಸಿಕೊಂಡಿರಿ ಎಂದು ಮೆಲುದನಿಯಲ್ಲಿ ಕೇಳಿದರು.

ತಸ್ಲೀಮಾ ಮುಗುಳ್ನಗುತ್ತ, "ಹೌದ್ರಿ," ಎಂದಳು.

ಸಭೆಯಲ್ಲಿ ಸಣ್ಣ ನಗು ಹರಿಯಿತು. ಎಲ್ಲರೂ ನಕ್ಕಿದ್ದು ನೋಡಿ, ಮಗಳು ಏನೋ ಜಾಣ ಮಾತು ಹೇಳಿದಳೆಂದು ದಸ್ತಗೀರಸಾಬರೂ ನಕ್ಕರು. ಅವರಿಗೂ ಪ್ರಶ್ನೆ ಕೇಳಿಸಿರಲಿಲ್ಲ. ಹಿರಿಯರು ಇನ್ನೊಮ್ಮೆ ಕೇಳಿದರು. ತಸ್ಲೀಮಾ ಅವರ ತುಟಿ ಹುಡುಕಿದಳು, ಅಷ್ಟು ದೂರಕ್ಕೆ ಸಿಗಲಿಲ್ಲ. ನಾನು ಏಳಬೇಕೆನ್ನುವಷ್ಟರಲ್ಲಿ ಅವಳು ಮೈಕನ್ನು ಹತ್ತಿರ ಎಳೆದುಕೊಂಡಳು.

"ಸ್ವಲ್ಪ ಜೋರಾಗಿ ಕೇಳ್ರಿ ಸರ. ನನಗ ದೂರದ್ದು ಕೇಳಸೂದಿಲ್ಲ. ಈ ಚಿತ್ರದಾಗ ಕೆಳಗಿಂದ ಎರಡನೇ ಗೆರಿ ನಂದs ಐತ್ರಿ."

ನಗು ನಿಂತಿತು. ಮೈಕಿನ ಮಾತಾದ್ದರಿಂದ ದಸ್ತಗೀರಸಾಬರಿಗೆ ಇದು ಸ್ಪಷ್ಟವಾಗಿ ಕೇಳಿಸಿತ್ತು. ಅವರ ಮುಖದ ಮೇಲಿನ ನಗು ತಕ್ಷಣ ಹೋಗಲಿಲ್ಲ. ಹಾಗೇ ಸ್ವಲ್ಪ ಹೊತ್ತು ಉಳಿದು, ಆಮೇಲೆ ಒಂದು ಕಡೆಯಿಂದ ಕುಸಿಯಿತು. ಕೇಳಿಸಿದ್ದರೂ, "ಏನಂದ್ಲ್ರಿ ಅಕ್ಕೋರ?" ಎಂದು ನನ್ನನ್ನು ಕೇಳಿದರು. ನಾನು ಹೇಳಿದೆ. ಅವರು ಪರದೆಯನ್ನು ನೋಡುತ್ತಲೇ ಇದ್ದರು.

ಆಮೇಲೆ ಡಾಕ್ಟರು ಅವರಿಗೆ ಎಲ್ಲವನ್ನೂ ಬಿಡಿಸಿ ಹೇಳಿದರು. ಮೂವರೂ ಮುಧೋಳದ ಮೇಲೆ ಹೋಗುವ ಬಸ್ಸು ಹತ್ತಿದೆವು. ತಸ್ಲೀಮಾ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದಳು. ಯರಗಟ್ಟಿ ದಾಟಿತು, ಲೋಕಾಪುರ ದಾಟಿತು. ದಸ್ತಗೀರಸಾಬರಿಗೆ ನನ್ನ ಮೇಲೆ ಸಿಟ್ಟಾಗಿರಬೇಕು, ಬೈದರೆ ಬೈಯಲಿ ಎಂದು ಕಾದೆ. ಮುಧೋಳ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ ಇಳಿದು ಹೋಗಿ ನನಗೊಂದು ಚಹಾ ತಂದುಕೊಟ್ಟು, ನಿಂತುಕೊಂಡೇ ಹೇಳಿದರು.

"ಇಕಿ ಹುಟ್ಟಿದಾಗ ತೊಟ್ಟಲಾ ಮಗ್ಗದ ಬಾಜೂಕ ನಾನs ಕಟ್ಟಿದ್ದೆ ಅಕ್ಕೋರ. ಮಗ್ಗ ನಿಂತ್ರ ಅಳತಿದ್ಲು. ಚಾಲೂ ಮಾಡಿದ್ರ ತಣ್ಣಗ ಮಲಗತಿದ್ಲು. ಎಂಥಾ ಶಾಣ್ಯಾ ಕೂಸು, ಅಪ್ಪನ ಕೆಲಸಕ್ಕ ಒಟ್ಟ ಕಾಡೂದಿಲ್ಲ ಅಂತ ಎಲ್ಲಾರ ಮುಂದ ಹೇಳ್ಕೊಂತ ತಿರಗತಿದ್ದೆ."

ಮಗ್ಗಗಳು ನಿಲ್ಲಲಿಲ್ಲ, ನಿಲ್ಲುವ ಹಾಗೂ ಇರಲಿಲ್ಲ. ಕೆಲವು ದಿನ ದಸ್ತಗೀರಸಾಬರು ಮನೆಯವರೆಲ್ಲರ ಕಿವಿಗೆ ಅರಳೆ ತುರುಕಿಸಿದರು. ಅದರಿಂದ ಹೆಚ್ಚೇನೂ ಆಗುವುದಿಲ್ಲವೆಂದು ಡಾಕ್ಟರು ಹೇಳಿದ್ದರು. ತಸ್ಲೀಮಾಳಿಗೆ ಕಿವಿಯ ಮಷಿನ್ ಬಂತು. ಅವಳೀಗ ಜಮಖಂಡಿಯಲ್ಲಿ ಪಿಯುಸಿ ಸೈನ್ಸ್ ಓದುತ್ತಿದ್ದಾಳೆ. ಕಾಲೇಜಿನಲ್ಲಿ ಹಾಕಿಕೊಳ್ಳುತ್ತಾಳೆ, ಮನೆಯ ಬಾಗಿಲಿಗೆ ಬಂದ ಕೂಡಲೇ ತೆಗೆದು ಡಬ್ಬಿಯಲ್ಲಿಡುತ್ತಾಳೆ. ಅದು ಮಗ್ಗದ ಸದ್ದನ್ನೂ ದೊಡ್ಡದು ಮಾಡುತ್ತದಂತೆ, ತಲೆ ಸಿಡಿಯುತ್ತದಂತೆ. ಆ ಶಿಬಿರ ಮರುವರ್ಷ ನಡೆಯಲಿಲ್ಲ. ಗಂಗವ್ವ ಈಗಲೂ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾಳೆ.

ಕಳೆದ ತಿಂಗಳು ಜಮಖಂಡಿ ಬಸ್‌ಸ್ಟ್ಯಾಂಡಿನಲ್ಲಿ ಮಾಬೂಬಿ ಸಿಕ್ಕಳು. ಕೈಚೀಲದ ತುಂಬ ಮಾದಲಿ, ಚುರುಮುರಿ, ಒಂದು ಹೊಸ ಫ್ರಾಕು. ಎಲ್ಲಿಗೆಂದು ಕೇಳಿದೆ. ಗಲಗಲಿಗೆ ಎಂದಳು. ಆಫಿಯಾಳನ್ನು ಅಲ್ಲಿ ತನ್ನ ತವರುಮನೆಯಲ್ಲಿ ಬಿಟ್ಟಿದ್ದಾರಂತೆ, ಶಾಲೆಗೂ ಅಲ್ಲೇ ಹಾಕಿದ್ದಾರಂತೆ.

"ಅಲ್ಲಿ ಹೊಳಿ ದಂಡಿ, ಸಪ್ಪಳಿಲ್ರಿ. ಇದೊಂದು ಕೂಸಿನ ಕಿವಿಯರ ಉಳೀಲಿ ಅಂತ ಅವ್ರs ಒಯ್ದು ಬಿಟ್ಟು ಬಂದ್ರು. ತಿಂಗಳಿಗೊಮ್ಮೆ ಹೋಗ್ತೀನಿ."

"ಫೋನ್ ಮಾಡತಾಳೇನ್ರಿ?" ಎಂದೆ, ಮುಖ ಅವಳ ಕಡೆ ಮಾಡಿ, ನಿಧಾನವಾಗಿ.

ಅವಳು ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು. "ಮಾಡತಾಳ್ರಿ. ಮೊನ್ನೆ ಅಂತಾಳ, 'ಅಮ್ಮೀ, ಯಾಕ ನನಗ ಬೈತಿ? ಮೆಲ್ಲಕ ಮಾತಾಡು, ನನಗ ಕೇಳಸ್ತೈತಿ' ಅಂತ. ನಾ ಬೈಯಾಕತ್ತಿದ್ದಿಲ್ರಿ ಅಕ್ಕೋರ. ಊಟಾ ಆತೇನವ್ವಾ ಅಂತ ಕೇಳಾಕತ್ತಿದ್ದೆ."

ಬಸ್ಸು ಬಂತು, ಅವಳು ಹತ್ತಿ ಹೋದಳು. ಒಂದು ಮಗುವಿನ ಕಿವಿ ಉಳಿಯಿತು, ಆ ಮಗು ತಾಯಿಯಿಂದ ದೂರವಾಯಿತು. ಎರಡಕ್ಕೂ ಕಾರಣ ಆ ಬೇಸಿಗೆ. ಅಂದು ನಾನು ತಸ್ಲೀಮಾಳ ಹೆಸರು ಹೇಳಿದ್ದು ಒಳ್ಳೆಯದಾಯಿತೋ ಇಲ್ಲವೋ ಎಂದು ಈಗಲೂ ನನ್ನನ್ನು ನಾನೇ ಕೇಳಿಕೊಳ್ಳುತ್ತೇನೆ. ಗೊತ್ತಾಗಿದ್ದೇ ಒಳ್ಳೆಯದು ಎಂದು ವಿಜ್ಞಾನದ ಶಿಕ್ಷಕಿ ಹೇಳಬೇಕು. ಹೇಳುತ್ತೇನೆ ಕೂಡ. ಆದರೆ ಮಾಬೂಬಿಯ ಮುಖ ನೋಡಿಕೊಂಡು ಆ ಮಾತನ್ನು ಹೇಳುವ ಧೈರ್ಯ ನನಗಿನ್ನೂ ಬಂದಿಲ್ಲ.