ಟೀಚರಮ್ಮ ಹೇಳದ ಸುಳ್ಳು

ಹೊಲಿಗೆ ಟೀಚರಮ್ಮನ ಬಲ ತೋರುಬೆರಳಿನ ಉಗುರು ಎರಡಾಗಿ ಸೀಳಿತ್ತು; ಎಂದೋ ಮಿಷನ್ನಿನ ಸೂಜಿ ತೂರಿಹೋದ ಗುರುತು. ಅದೇ ಬೆರಳನ್ನೆತ್ತಿ, ಹುಳ ಬೇಯಿಸಿ ಮಾಡಿದ ರೇಷ್ಮೆಯನ್ನು ತಾನು ಮುಟ್ಟುವುದಿಲ್ಲವೆಂದು ಅಜ್ಜಂಪುರದ ಮದುವೆ ಮನೆಯವರನ್ನೆಲ್ಲ ವಾಪಸ್ ಕಳಿಸುತ್ತಿದ್ದರು. ಜೈನರ ಪೈಕಿ ಅವರು. ಹೊತ್ತು ಮುಳುಗಿದ ಮೇಲೆ ಊಟವಿಲ್ಲ, ಸೋಸದ ನೀರಿಲ್ಲ, ತಮಾಷೆಗೂ ಸುಳ್ಳಿಲ್ಲ. ಹೊಸ ಬಟ್ಟೆ ತೊಟ್ಟು ಚೆನ್ನಾಗಿದೆಯಾ ಎಂದು ಅವರನ್ನು ಕೇಳಲು ನಾವು ಹುಡುಗಿಯರು ಹೆದರುತ್ತಿದ್ದೆವು.

ನಾನು ಪಿಯುಸಿ ಮುಗಿಸಿದ ವರ್ಷ ಸೋದರಮಾವನಿಗೇ ನನ್ನನ್ನು ಕೊಡುವುದೆಂದು ಮನೆಯಲ್ಲಿ ನಿಶ್ಚಯವಾಯಿತು. ಪಂಚನಹಳ್ಳಿಯ ಆ ಮಾವ ಸಿಟ್ಟು ಬಂದರೆ ಮನುಷ್ಯನಲ್ಲ. ಒಲ್ಲೆ ಅಂದದ್ದಕ್ಕೆ ಕುತ್ತಿಗೆ ಹಿಡಿದು ಗೋಡೆಗೆ ಒತ್ತಿದ್ದ. ಮರುದಿನ ಹೊಲಿಗೆ ಕ್ಲಾಸಿನಲ್ಲಿ ಟೀಚರಮ್ಮ ನನ್ನ ಕುತ್ತಿಗೆಯ ಕಲೆ ನೋಡಿದರು. ಏನೂ ಕೆದಕಲಿಲ್ಲ, ಬೇಡವಾದರೆ ನಮ್ಮನೆಗೆ ಬಂದುಬಿಡು ಎಂದರು.

ಬಂದುಬಿಟ್ಟೆ. ಅದೇ ಸಂಜೆ ಬೈಕೊಂದು ಬಂದು ಬಾಗಿಲಲ್ಲಿ ನಿಂತಿತು. ಕಿಟಕಿಯ ಸಂದಿಯಿಂದ ನೋಡಿದೆ. ಮಾವ, ಹಿಂದೆ ಅವನ ಗೆಳೆಯ, ಗೆಳೆಯನ ಕೈಯಲ್ಲಿ ಎಳನೀರು ಕೊಚ್ಚುವ ಮಚ್ಚು. ಟೀಚರಮ್ಮ ಹೊಸಿಲ ಮೇಲೆ ಕೂತಿದ್ದರು. ಆಗ ಹೊಳೆಯಿತು: ಊರಲ್ಲಿ ಅಷ್ಟು ಮನೆಗಳಿರುವಾಗ ಸುಳ್ಳು ಹೇಳದವರ ಮನೆಗೇ ಬಂದು ಅಡಗಿದ್ದೆ. ಒಂದು ಸಲ ಇಲ್ಲ ಅನ್ನಲಿ ದೇವರೇ ಎಂದು ಬೇಡಿಕೊಂಡೆ. ಅವರ ಮಾತನ್ನು ಯಾರಾದರೂ ನಂಬುತ್ತಿದ್ದರು.

ಹುಡುಗಿ ಇಲ್ಲಿದ್ದಾಳಾ ಎಂದು ಮಾವ ಕೇಳಿದ.

"ಒಳಗಿದ್ದಾಳೆ ಕಣಪ್ಪಾ. ಕಳಿಸಲ್ಲ. ಬೇಕಿದ್ರೆ ನನ್ನ ದಾಟ್ಕೊಂಡು ಹೋಗು." ಬೀದಿಗೆಲ್ಲ ಕೇಳುವಂಥ ದನಿ.

ಎದುರುಮನೆಯ ಸಾಬರು ಹೊರಗೆ ಬಂದು ನಿಂತರು. ಆಮೇಲೆ ಪಕ್ಕದ ಬೇಕರಿಯವರು. ಯಾರೂ ಒಳಗೆ ಹೋಗಲಿಲ್ಲ. ಹೊತ್ತು ಮುಳುಗಿತು; ಟೀಚರಮ್ಮನ ಊಟ ಮುಚ್ಚಿಟ್ಟಲ್ಲೇ ಉಳಿಯಿತು. ಕೊನೆಗೆ ಮಾವ ಬೈಕು ಹತ್ತಿದ. ಅವಳನ್ನ ಎಷ್ಟು ದಿನ ಕಾಯ್ತೀಯೋ ನೋಡ್ತೀನಿ ಅಂದ.

ಇಲ್ಲ ಅಂದಿದ್ದರೆ ಸುಮ್ಮನೆ ಹೋಗುತ್ತಿದ್ದನಲ್ಲ ಎಂದು ನಾನು ಅಳುತ್ತ ಕೇಳಿದೆ.

"ಹೋಗ್ತಿದ್ದ. ನೀನು ಎಷ್ಟು ವರ್ಷ ಹಿಂಗೇ ಬಚ್ಚಿಟ್ಕೊಂಡು ಬದುಕ್ತಿದ್ದೆ ಕಣೇ?"

ಆ ಮದುವೆ ನಡೆಯಲಿಲ್ಲ; ಎಷ್ಟೋ ವರ್ಷ ಕಳೆದು, ಹೋದ ವರ್ಷ ಟೀಚರಮ್ಮ ತೀರಿಕೊಂಡರು. ಸಂಸ್ಕಾರ ಮುಗಿಸಿ ಬರುವಾಗ ಬೀದಿಯಾಚೆ ಮಾವ ಬೈಕಿನ ಮೇಲೆ ಕೂತಿದ್ದ. ತಲೆ ನರೆತಿದೆ, ಕಣ್ಣು ಹಾಗೇ ಇದೆ. ಈಗ ಎಲ್ಲಿದ್ದೀಯ ಎಂದು ಕೇಳಿದ. ನಾಲಿಗೆಯ ತುದಿಗೆ ಬೇರೆ ಯಾವುದೋ ಊರಿನ ಹೆಸರು ಬಂತು. ನುಂಗಿಕೊಂಡು, ತರೀಕೆರೆಯಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ಹೊಲಿಗೆ ಅಂಗಡಿ ಇಟ್ಟಿದ್ದೇನೆ ಎಂದೆ.

ಅಂದಿನಿಂದ ಅಂಗಡಿಯ ಮುಂದೆ ಯಾವ ಬೈಕು ನಿಂತರೂ ಮಿಷನ್ ನಿಲ್ಲಿಸಿ ತಲೆಯೆತ್ತಿ ನೋಡುತ್ತೇನೆ. ಬಾಗಿಲು ಮಾತ್ರ ಹಾಕಿಲ್ಲ.