ಸಿಗ್‌ಬ್ರಿಟ್‌ಳ ಸರದಿ

ನಮ್ಮ ಹ್ಯಾರ್ನೊಸಾಂಡ್ ಊರಿನ ಅಂಚೆ ಕಚೇರಿಯಲ್ಲಿ ಸಿಗ್‌ಬ್ರಿಟ್ ಕೌಂಟರಿನಲ್ಲಿ ಕೂತಷ್ಟು ಕಾಲ ಸರದಿ ಮುರಿದವರಿಲ್ಲ. ಒಮ್ಮೆ ಪಾದ್ರಿಯನ್ನೇ, ಸರದಿ ನಂಬರಿನ ಚೀಟಿ ಹರಿದುಕೊಂಡು ಬನ್ನಿ ಎಂದು ಬಾಗಿಲ ಬಳಿಗೆ ಅಟ್ಟಿದವಳು. ನನ್ನ ಪಕ್ಕದ ಮನೆಯವಳು. ಅವಳ ಹಠದ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ, ಸಿಟ್ಟಿಗಿಂತ ಹೆಚ್ಚು ಸಂಕಟವಿದೆ.

ಅವಳ ಅಕ್ಕ ಗುನ್ವರ್ ವೃದ್ಧಾಶ್ರಮದಲ್ಲಿ ಹಾಸಿಗೆ ಹಿಡಿದಿದ್ದಳು. ಕಣ್ಣೂ ಹೋಗಿತ್ತು. ಮಧ್ಯಾಹ್ನದ ಕಾಫಿ, ದಾಲ್ಚಿನ್ನಿ ಬನ್ನು ಮುಗಿದ ಮೇಲೆ ತಂಗಿ ಅವಳಿಗೆ ಕಾದಂಬರಿ ಓದಿ ಹೇಳಬೇಕು. ಹಡಗಿನವನೊಬ್ಬನ ಕಥೆ ಅದು; ಹುಡುಗಿಯಾಗಿದ್ದಾಗ ಗುನ್ವರ್ ಅರ್ಧ ಓದಿ ಪುಸ್ತಕ ಕಳೆದುಕೊಂಡಿದ್ದಳು. ಅಚ್ಚಿನ ಪ್ರತಿ ಎಲ್ಲೂ ಸಿಗಲಿಲ್ಲ. ಗ್ರಂಥಾಲಯದವರು ತಂಗಿ ಜೊತೆಗೆ ಒಯ್ಯುವ ಪುಟ್ಟ ಕಂಪ್ಯೂಟರಿನಲ್ಲಿ ಓದಲು ಮೂರು ವಾರಕ್ಕೆ ಎರವಲು ಕೊಟ್ಟರು.

ಆ ಓದುವ ಸಾಫ್ಟ್‌ವೇರೋ, ಬೆನ್ನು ಹತ್ತಿದ ಶನಿ. ಅಕ್ಷರ ದೊಡ್ಡದು ಮಾಡಿದರೆ ಪುಟ ತಪ್ಪುತ್ತಿತ್ತು. ಬೆರಳು ಪರದೆಯ ಅಂಚಿಗೆ ತಾಗಿದರೆ ಮುಂದಿನ ಅಧ್ಯಾಯಕ್ಕೆ ಹಾರುತ್ತಿತ್ತು. ಒಂದು ಗುಟುಕು ಕಾಫಿ ಕುಡಿಯುವಷ್ಟರಲ್ಲಿ ಪರದೆ ಕಪ್ಪಾಗಿ, ಮತ್ತೆ ಪಾಸ್‌ವರ್ಡ್ ಕೇಳುತ್ತಿತ್ತು.

"ನಿನ್ನ ಡಬ್ಬಿ ಮತ್ತೆ ನಿದ್ದೆ ಹೋಯ್ತಾ? ನನಗಿಂತ ಮುದುಕಿ ಅದು," ಎಂದು ಗುನ್ವರ್ ಕಿಚಾಯಿಸುತ್ತಿದ್ದಳು.

"ಸುಮ್ನಿರಕ್ಕ, ಪುಟ ಹುಡುಕ್ತಿದೀನಿ."

ಹುಡುಕಾಟದಲ್ಲೇ ಅರ್ಧ ಹೊತ್ತು ಹಾಳಾಗುತ್ತಿತ್ತು. ಕೊನೆಯ ಅಧ್ಯಾಯವಷ್ಟೇ ಉಳಿದಿದ್ದ ದಿನ ತೆರೆದು ನೋಡಿದರೆ ಪುಸ್ತಕವೇ ಇಲ್ಲ. ಅವಧಿ ಮುಗಿದು ತಾನಾಗಿಯೇ ವಾಪಸು ಹೋಗಿತ್ತು. ಒಂದು ಸಲಕ್ಕೆ ಒಬ್ಬರಿಗಷ್ಟೇ ಕೊಡುವ ಪುಸ್ತಕ; ಮತ್ತೆ ಕೇಳಿದರೆ, ಸರದಿಯಲ್ಲಿ ಮುಂದೆ ಐದಾರು ಜನ.

"ಆ ಹಡಗಿನವನು ಮನೆಗೆ ಬಂದ್ನೋ ಇಲ್ವೋ, ಅಷ್ಟು ಹೇಳೇ," ಎಂದಳು ಗುನ್ವರ್. ಸಿಗ್‌ಬ್ರಿಟ್‌ಗೂ ಗೊತ್ತಿರಲಿಲ್ಲ.

ನನಗೆ ತಡೆಯಲಾಗಲಿಲ್ಲ. "ಗ್ರಂಥಾಲಯಕ್ಕೆ ಹೋಗಿ ಅಕ್ಕನ ಸ್ಥಿತಿ ಹೇಳು. ಮೊದ್ಲು ನಿನಗೇ ಕೊಡ್ತಾರೆ."

"ಮುಂದೆ ನಿಂತಿರೋರಿಗೂ ಏನೋ ಕಾರಣ ಇರುತ್ತೆ ಕಣೆ. ನನ್ನ ಸರದಿ ಬರ್ಲಿ."

"ಸಾವು ಏನು ಚೀಟಿ ಹರ್ಕೊಂಡು ಕಾಯುತ್ತಾ?"

ಕಟುವಾಗಿಯೇ ಅಂದೆ. ಅವಳು ಜಗ್ಗಲಿಲ್ಲ.

ಆ ಬೇಸಿಗೆ ಕಳೆಯುವ ಮೊದಲೇ ಗುನ್ವರ್ ಹೋದಳು. ಹಿಂದಿನ ದಿನವೂ ಕೇಳಿದ್ದಳಂತೆ, "ಬಂತೇನೆ ನಮ್ಮ ಸರದಿ?"

ಪುಸ್ತಕ ಬಂದದ್ದು ಅವಳು ಮಣ್ಣಾದ ಮರುವಾರ. ಸಿಗ್‌ಬ್ರಿಟ್ ನನ್ನನ್ನು ಕರೆದು ಕಂಪ್ಯೂಟರಿನ ಮುಂದೆ ಕೂರಿಸಿದಳು. ಕೊನೆಯ ಅಧ್ಯಾಯ ಓದಿಸಲಿಕ್ಕೆ ಎಂದುಕೊಂಡೆ. ಅವಳಿಗೆ ಬೇಕಿದ್ದದ್ದು ಹಿಂತಿರುಗಿಸುವ ಗುಂಡಿ. ಆ ಶನಿ ಅದನ್ನೂ ಎಲ್ಲೋ ಒಳಗೆ ಅಡಗಿಸಿಟ್ಟಿತ್ತು.

"ಓದಲ್ವಾ?"

"ಹಿಂದೆ ಯಾರೋ ಕಾಯ್ತಿದಾರೆ," ಎಂದಳು. ಗುಂಡಿ ಒತ್ತಿದೆ, ಪುಸ್ತಕ ಹೋಯಿತು. ಆಮೇಲೆ ಅವಳು ಮೇಜಿಗೆ ತಲೆಯಿಟ್ಟು ಅತ್ತಳು. "ಕೇಳ್ಬೇಕಿತ್ತು ಕಣೆ. ಗ್ರಂಥಾಲಯದವರನ್ನ ಒಂದ್ಸಲ ಬಾಯಿಬಿಟ್ಟು ಕೇಳ್ಬೇಕಿತ್ತು."