ಹಡಗದಾಕಿಯ ಬಾರಾ

ಮಾನ್ವಿಯಲ್ಲಿ ನಮ್ಮ ಮನೆಯ ಮುಂದೆ ಒಂದು ಕಲ್ಲಿನ ಕಟ್ಟೆ ಇತ್ತು. ಕಟ್ಟೆಯ ಕೆಳಗೆ, ಬೀದಿಗೆ ಸೇರಿದ ಬೇವಿನ ನೆರಳಿನಲ್ಲಿ, ಒಬ್ಬ ಹೆಂಗಸು ಮೂರು ಕಲ್ಲು ಹೂಡಿ ಎಣ್ಣೆಯ ಬಾಣಲೆ ಇಡುತ್ತಿದ್ದಳು. ಹಡಗಿನಲ್ಲಿ ಬಂದವಳೆಂದು ಊರಿನವರು ಅವಳನ್ನು ಹಡಗದಾಕಿ ಎನ್ನುತ್ತಿದ್ದರು. ಯುದ್ಧ ಮುಗಿದು ಎರಡನೆಯ ಶ್ರಾವಣ ಬಂದಿತ್ತು. ನನಗೆ ಆಗ ಒಂಬತ್ತು ವರ್ಷ. ಅಪ್ಪ ಊರವರೇ ನಡೆಸುತ್ತಿದ್ದ ಗಾವಠಿ ಶಾಲೆಯಲ್ಲಿ ಕಲಿಸುತ್ತಿದ್ದರು, ನಾನೂ ಅಲ್ಲಿಯೇ ಓದುತ್ತಿದ್ದೆ. ಮೊಮ್ಮಕ್ಕಳೇ, ಇದನ್ನು ನಿಮ್ಮ ಅಜ್ಜನಿಗೂ ನಾನು ಹೇಳಿರಲಿಲ್ಲ.

ಅವಳು ಮಾರುತ್ತಿದ್ದ ತಿನಿಸಿಗೆ ಬಾರಾ ಎಂದು ಹೆಸರು. ಉದ್ದಿನ ಹಿಟ್ಟು, ಗೋಧಿ ಹಿಟ್ಟು, ಅರಿಶಿನ ಕಲಸಿ ಹುಳಿ ಬರಿಸುತ್ತಿದ್ದಳು. ಅಂಗೈ ಅಗಲ ತಟ್ಟಿ ಎಣ್ಣೆಯಲ್ಲಿ ಬಿಟ್ಟು ಎರಡು ಸಲ ಮಗುಚಿ ತೆಗೆದು ಬಟ್ಟೆಯೊಳಗೆ ಮುಚ್ಚಿಡುತ್ತಿದ್ದಳು. ಅದು ಗರಿಗರಿ ಇರುತ್ತಿರಲಿಲ್ಲ, ಹಳೆಯ ಸೀರೆಯ ಹಾಗೆ ಮೆತ್ತಗಿರುತ್ತಿತ್ತು. ಒಂದು ಬಾರಾದ ಮೇಲೆ ನೀರುನೀರಾದ ಕಡಲೆ ಪಲ್ಯ, ಹುಣಸೆಹುಳಿಯ ಸಾರು, ಅದರ ಮೇಲೆ ಇನ್ನೊಂದು ಬಾರಾ. ಸಮುದ್ರದಾಚೆಯ ಒಂದು ದ್ವೀಪದಲ್ಲಿ ಜನ ಬೀದಿಯಲ್ಲಿ ನಿಂತು ಹೀಗೆ ತಿನ್ನುತ್ತಾರಂತೆ. ಆ ದ್ವೀಪದ ಹೆಸರನ್ನು ಅವಳು ಚಿನಿಡಾಡ್ ಎನ್ನುತ್ತಿದ್ದಳು.

ನಮ್ಮ ಕಡೆ ಆಗ ಬಜ್ಜಿ ಮಾರುವವರು ಎಲೆಯ ಮೇಲೆ ಎತ್ತರದಿಂದ ಬಜ್ಜಿ ಬಿಡುತ್ತಿದ್ದರು. ನೀರನ್ನೂ ಬೊಗಸೆಗೆ ಎತ್ತರದಿಂದಲೇ ಹುಯ್ಯುತ್ತಿದ್ದರು. ಕೊಡುವವರ ಕೈ ತಗಲದಿದ್ದರೆ ತಿಂದವರಿಗೆ ದೋಷವಿಲ್ಲ ಎಂಬ ಲೆಕ್ಕ. ಆದರೆ ಬಾರಾವನ್ನು ಮೇಲಿಂದ ಬಿಡಲು ಬರುತ್ತಿರಲಿಲ್ಲ. ಬಿಟ್ಟರೆ ಹರಿದು ಕಡಲೆಯೆಲ್ಲ ಮಣ್ಣಿಗೆ. ಅವಳು ಅದನ್ನು ತಿನ್ನುವವರ ಅಂಗೈ ಮೇಲೆಯೇ ಇಡಬೇಕಿತ್ತು, ಇಡುವಾಗ ಬೆರಳು ತಗಲುತ್ತಿತ್ತು. ತಿಂದವರಿಗೆಲ್ಲ ಅದು ಗೊತ್ತಿತ್ತು. ಸಂತೆಯ ದಿನ ಅಂಗಡಿಕಾರರು, ಗಾಡಿಯವರು, ಬಾಗಲವಾಡದಿಂದ ಬಂದ ಒಕ್ಕಲಿಗರು, ಎಲ್ಲರೂ ಮುಖ ಬೇರೆ ಕಡೆ ತಿರುಗಿಸಿ ಕೈ ಮಾತ್ರ ಮುಂದೆ ಚಾಚುತ್ತಿದ್ದರು. ಅವಳು ಯಾರನ್ನೂ ನೀವು ಯಾರ ಪೈಕಿ, ಯಾವ ಜಾತಿ ಎಂದು ಕೇಳುತ್ತಿರಲಿಲ್ಲ.

"ಖಾರ ಎಷ್ಟು?" ಅಷ್ಟೇ ಕೇಳುತ್ತಿದ್ದಳು.

ನಾನು ಮೊದಲು ತಿಂದದ್ದು ಒಂದು ಏಕಾದಶಿಯ ದಿನ. ನಮ್ಮದು ವೈಷ್ಣವರ ಮನೆ. ಏಕಾದಶಿಗೆ ಮಕ್ಕಳಿಗೂ ಹಿಡಿ ಅವಲಕ್ಕಿ, ಹಾಲು, ಅಷ್ಟೇ. ಶಾಲೆಯಿಂದ ಬರುವಾಗ ಹೊಟ್ಟೆ ಸುಡುತ್ತಿತ್ತು. ನಾನೇ ಹೋಗಿ ಬೇವಿನ ಮರಕ್ಕೆ ಒರಗಿ ನಿಂತೆ. ಅವಳು ಕರೆಯಲಿಲ್ಲ. ಈ ಮಾತನ್ನು ನೆನಪಿನಲ್ಲಿಡಿ. ಅವಳು ನನ್ನನ್ನು ಬಹಳ ಹೊತ್ತು ನೋಡಿದಳು.

"ಮಾಸ್ತರ ಮಗಳಲ್ಲೇನು? ಮನಿಗೆ ಹೋಗು ತಂಗಿ."

ನಾನು ಹೋಗಲಿಲ್ಲ.

"ಹಸಿವಾಗ್ಯದೇನು?"

ತಲೆ ಆಡಿಸಿದೆ. ಬಲಗೈ ಚಾಚಿದೆ.

"ಬಲಗೈ ಮ್ಯಾಲ ಇಟ್ರ ಯಾವ ಕೈಲೆ ತಿಂತಿ? ಎಡಗೈ ಹಿಡಿ."

"ಎಡಗೈಲೆ ಉಣ್ಣಬಾರ್ದು."

"ಉಣ್ಣೂದು ಬಲಗೈಲೇ. ಎಡಗೈ ಬರೇ ತಾಟು. ಅಲ್ಲಿ ಎಲ್ಲಾರಿಗೂ ಅದೇ ತಾಟು, ದೊರೆಗೂ ಅದೇ, ಕೂಲ್ಯಾರಿಗೂ ಅದೇ." ಹೇಳಿ ನಕ್ಕಳು. "ದೊರೆ ಬಂದು ತಿಂದದ್ದು ನಾ ನೋಡಿಲ್ಲ ಬಿಡು."

ಎಡ ಅಂಗೈ ಬಿಸಿಯಾಯಿತು. ಸಾರು ಲಂಗದ ಮೇಲೆ ಸುರಿಯದಂತೆ ಮುಂದಕ್ಕೆ ಬಾಗುವುದನ್ನು ಅವಳೇ ತೋರಿಸಿದಳು. ಬಲಗೈಯ ಎರಡು ಬೆರಳಿನಿಂದ ಮೇಲಿನ ಬಾರಾ ಚಿವುಟಿ, ಅದರಲ್ಲೇ ಕಡಲೆ ಬಾಚಿ, ಕೊನೆಗೆ ಉಳಿದದ್ದನ್ನು ಎಡಗೈಯಲ್ಲೇ ಮಡಚಿ ಬಾಯಿಗೆ ಹಾಕುವುದು. ಆ ಮೇಲೆ ನಾನು ವಾರಕ್ಕೆ ಎರಡು ಸಲ, ಕೆಲವೊಮ್ಮೆ ಮೂರು ಸಲ ಹೋದೆ. ಪ್ರತಿ ಸಲವೂ ಅವಳು ಮನೆಯ ಬಾಗಿಲ ಕಡೆ ಒಮ್ಮೆ ನೋಡಿ ಆಮೇಲೆ ಕೊಡುತ್ತಿದ್ದಳು.

ತಿನ್ನುವಾಗ ಅವಳು ತನ್ನ ಕತೆ ಹೇಳುತ್ತಿದ್ದಳು. ಹುಟ್ಟಿದ್ದು ದೇವದುರ್ಗದ ಕಡೆ, ಮಸರಕಲ್ ಹತ್ತಿರ. ಹತ್ತು ವರ್ಷದವಳಿದ್ದಾಗ ಅವಳವ್ವ ಅವಳ ಕೈ ಹಿಡಿದು ಮದ್ರಾಸಿಗೆ ಹೋಗಿ ಕಬ್ಬಿನ ತೋಟದ ಕೂಲಿಗೆಂದು ಹಡಗು ಹತ್ತಿದಳು. ಅವ್ವ ದಾರಿಯಲ್ಲೇ ಸತ್ತಳು. ದ್ವೀಪದಲ್ಲಿ ಬೆಳೆದು, ಮದುವೆಯಾಗಿ, ಗಂಡ ತೀರಿಕೊಂಡ ಮೇಲೆ ಹುಟ್ಟಿದ ಮಣ್ಣು ನೋಡಬೇಕೆಂದು ಮರಳಿದಳು. ಮಸರಕಲ್‌ನಲ್ಲಿ ಅವಳನ್ನು ನಮ್ಮವಳು ಎಂದವರು ಒಬ್ಬರೂ ಇಲ್ಲ. ಐವತ್ತರ ಹತ್ತಿರದ ಹೆಂಗಸು, ಆದರೆ ಅವಳ ಕನ್ನಡ ಹತ್ತು ವರ್ಷದ ಹುಡುಗಿಯದು. ಅದಕ್ಕೇ ಇರಬೇಕು, ನನಗೆ ಅವಳ ಮುಂದೆ ಮಾತ್ರ ನಾಚಿಕೆಯಾಗುತ್ತಿರಲಿಲ್ಲ.

ಆ ವರ್ಷ ಊರಿನ ಗಾಳಿ ಸರಿ ಇರಲಿಲ್ಲ. ನಿಜಾಮರ ರಾಜ್ಯ ಏನಾಗುತ್ತದೋ ಎಂದು ದೊಡ್ಡವರು ತಗ್ಗಿದ ದನಿಯಲ್ಲಿ ಮಾತಾಡಿಕೊಳ್ಳುತ್ತಿದ್ದರು. ಕತ್ತಲಾಗುವ ಮೊದಲೇ ಅಂಗಡಿಗಳು ಮುಚ್ಚುತ್ತಿದ್ದವು. ಗುರುತಿಲ್ಲದವರು ಬೀದಿಯಲ್ಲಿ ಬಂದರೆ ಕಟ್ಟೆಯ ಮೇಲಿನ ಮಾತು ನಿಲ್ಲುತ್ತಿತ್ತು. ಒಂದು ಬೆಳಿಗ್ಗೆ ಹಡಗದಾಕಿಯ ಒಲೆಯ ಕಲ್ಲುಗಳು ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದವು. ಇನ್ನೊಂದು ಬೆಳಿಗ್ಗೆ ಅವಳ ಕಡಲೆಯ ಗಡಿಗೆಯಲ್ಲಿ ಸೆಗಣಿ ಇತ್ತು. ಅವಳು ಗಡಿಗೆ ಒಡೆದು ಹೊಸದು ತಂದಳು. ತಿನ್ನುವವರು ಕಡಿಮೆಯಾಗಲಿಲ್ಲ. ಆದರೆ ಈಗ ಯಾರೂ ಅಲ್ಲಿ ನಿಂತು ತಿನ್ನುತ್ತಿರಲಿಲ್ಲ, ಮೂಲೆಗೆ ಹೋಗಿ ತಿನ್ನುತ್ತಿದ್ದರು.

ಶ್ರಾವಣದ ಎರಡನೆಯ ವಾರ ಊರಿನ ಹಿರಿಯರು ಮೂವರು ನಮ್ಮ ಮನೆಗೆ ಬಂದರು. ಅಪ್ಪನನ್ನು ಕೇಳಲಿಲ್ಲ, ಅಜ್ಜಿಯನ್ನು ಕೇಳಿದರು. ಅಜ್ಜಿ ಅಪ್ಪನ ತಾಯಿ. ಮಡಿಯ ವಿಷಯದಲ್ಲಿ ಊರಿಗೆಲ್ಲ ಅವರ ಮಾತೇ ಕೊನೆ.

"ಆಕಿ ಯಾರ ಪೈಕಿ ಅಂತ ಯಾರಿಗೂ ಗೊತ್ತಿಲ್ಲರಿ. ಅರ್ಧ ಊರು ಆಕಿ ಕೈಯಾಗಿಂದು ತಿಂದದ," ಎಂದರು ಹಿರಿಯರಲ್ಲಿ ಒಬ್ಬರು.

"ಅರ್ಧ ಊರಂದ್ರ ನೀವೂ ಬಂದ್ರೇನು ಅದರಾಗ?" ಎಂದರು ಅಜ್ಜಿ.

ಅವರು ನೆಲ ನೋಡಿದರು.

ಅಜ್ಜಿ ಹಡಗದಾಕಿಯನ್ನು ಕರೆಸಿ ಅಂಗಳದ ಅಂಚಿಗೆ ನಿಲ್ಲಿಸಿ ಯಾರ ಪೈಕಿ ಎಂದು ಕೇಳಿದರು. ಅವಳು, "ನನಗ ಗೊತ್ತಿಲ್ಲರೀ ಅಮ್ಮಾ. ಹಡಗಿನ್ಯಾಗ ಅವ್ವ ಹ್ವಾದ್ಲು. ನಾವು ಯಾರ ಪೈಕಿ ಅಂತ ಆಕಿ ಎಂದೂ ಹೇಳಿದ್ದಿಲ್ಲ, ಹೇಳೂವಷ್ಟು ದೊಡ್ಡಾಕಿ ಆಗಿದ್ದಿಲ್ಲ ನಾ," ಎಂದಳು. ಅವಳ ಕತೆ ಕೇಳಿದ್ದ ನನಗೆ ಅದು ಸುಳ್ಳಲ್ಲ ಎಂದು ಗೊತ್ತಿತ್ತು.

ಅಜ್ಜಿ ಹಿರಿಯರ ಕಡೆ ತಿರುಗಿದರು. "ಬಾಯಿ ಮರ್ತೀತು, ಕೈ ಮರಿಯೂದಿಲ್ಲ. ಎಲಿ ಮುಂದ ಕೂತ್ರ ಯಾರು ಯಾವ ಮನ್ಯಾಗ ಹುಟ್ಯಾರ ನಾ ಹೇಳ್ತೀನಿ. ಶುಕ್ರವಾರ ಆಕಿಗೆ ಊಟಕ್ಕ ಹಾಕ್ತೀನಿ. ಕೈ ಸರಿ ಇತ್ತಂದ್ರ ಆಕಿ ಒಲಿ ಮುಟ್ಟಬ್ಯಾಡ್ರಿ. ಇಲ್ಲಂದ್ರ ನೀವುಂಟು ಆಕಿ ಉಂಟು."

ನಾನು ಅಂದು ಸಂಜೆ ಬೇವಿನ ಮರದ ಹತ್ತಿರ ಹೋಗಿ ಪಿಸುಗುಟ್ಟಿದೆ. "ಶುಕ್ರವಾರ ಎಡಗೈ ಎತ್ತಬ್ಯಾಡ."

"ಗೊತ್ತದ," ಎಂದಳು. ಆ ದಿನ ಬಾರಾ ಕೊಡಲಿಲ್ಲ.

ಶುಕ್ರವಾರ ಅವ್ವ ಚಪಾತಿ, ಕಡಲೆ ಉಸಳಿ, ಕೋಸಂಬರಿ, ಹೆಸರುಬೇಳೆ ಪಾಯಸ ಮಾಡಿದ್ದರು. ಹಡಗದಾಕಿಗೆ ಹೊರಗಿನ ಕಟ್ಟೆಯ ಮೇಲೆ ಎಲೆ. ಪಡಸಾಲೆಯಲ್ಲಿ ನನಗೂ ತಮ್ಮನಿಗೂ ಎಲೆ. ನಡುವಿನ ಹೊಸ್ತಿಲ ಬಳಿ ಮಣೆಯ ಮೇಲೆ ಅಜ್ಜಿ, ಮುಖ ಹೊರಗೆ. ಬೀದಿಯಾಚೆ ಆ ಮೂವರು ಹಿರಿಯರು ಕೂತಿದ್ದರು. ಅವ್ವನ ಸೌಟಿನ ಸಪ್ಪಳ ಮಾತ್ರ ಕೇಳುತ್ತಿತ್ತು.

ಹಡಗದಾಕಿ ಕೈಕಾಲು ತೊಳೆದುಕೊಂಡು ಕೂತಳು. ಎಲೆಯ ತುದಿಯನ್ನು ಎಡಕ್ಕೆ ಮಾಡಿಕೊಂಡಳು. ಎಲೆಗೆ ನೀರು ಚಿಮುಕಿಸಿ ಒರೆಸಿದಳು. ಎಲ್ಲ ಬಡಿಸಿ ಮುಗಿಯುವವರೆಗೆ ಕಾದಳು. ಎಡಗೈಯನ್ನು ಸೆರಗಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಒಂದೇ ಕೈಯಲ್ಲಿ ಚಪಾತಿ ಮುರಿಯಲು ಕಷ್ಟಪಟ್ಟಳು, ಆದರೂ ಆ ಕೈ ಹೊರಗೆ ಬರಲಿಲ್ಲ. ಅಜ್ಜಿ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಅವರ ಹೆಗಲು ಸ್ವಲ್ಪ ಸಡಿಲವಾದದ್ದು ಹಿಂದಿನಿಂದ ನನಗೆ ಕಂಡಿತು. ನನ್ನ ಎದೆಯೂ ಹಗುರಾಯಿತು. ಆಗಲೇ ಹಸಿವು ನೆನಪಾಯಿತು.

"ಆಕಿಗೆ ಇನ್ನೊಂದಿಷ್ಟು ಪಾಯಸ ತಾರವಾ," ಎಂದು ಅವ್ವನಿಗೆ ಹೇಳಲು ಅಜ್ಜಿ ಒಳಗೆ ತಿರುಗಿದರು. ತಿರುಗಿದವರ ಕಣ್ಣು ನನ್ನ ಮೇಲೆ ನಿಂತಿತು.

ನನ್ನ ಎಡ ಅಂಗೈ ಮೇಲೆ ಚಪಾತಿ ಇತ್ತು. ಅದರ ಮೇಲೆ ಕಡಲೆ ಉಸಳಿ, ಅದರ ಮೇಲೆ ಇನ್ನೊಂದು ಚಪಾತಿ. ನಾನು ಮುಂದಕ್ಕೆ ಬಾಗಿ ಎರಡು ಬೆರಳಿನಿಂದ ಚಿವುಟುತ್ತಿದ್ದೆ. ಯಾವಾಗ ಹಾಗೆ ಮಾಡಿಕೊಂಡೆನೋ ನನಗೇ ತಿಳಿದಿರಲಿಲ್ಲ.

ಅಜ್ಜಿ ಗದರಲಿಲ್ಲ. ನನ್ನ ಕೈ ನೋಡಿದರು, ಹೊರಗೆ ಅವಳ ಕೈ ನೋಡಿದರು. ಹಡಗದಾಕಿ ಊಟ ನಿಲ್ಲಿಸಿದ್ದಳು.

"ನಮ್ಮ ಕೂಸಿಗೆ ನೀ ತಿನ್ನಿಸೀಯೇನು?"

"ಹೂಂರೀ ಅಮ್ಮಾ. ಹಸಿದು ನಿಂತಿತ್ತು."

"ತಾನಾಗೇ ಬಂದಿತ್ತೋ, ನೀ ಕರದ್ಯೋ? ಕೂಸು ತಾನಾಗೇ ಬಂದಿದ್ರ ತಪ್ಪು ನಮ್ಮ ಮನೀದು. ನಾ ನುಂಗಿಕೊಂತೀನಿ, ನೀ ಇರು. ಕರದಿದ್ರ ತಪ್ಪು ನಿಂದು."

ಅವಳು ನನ್ನ ಕಡೆ ನೋಡಿದಳು. "ಅದನ್ನ ಆಕಿಗೇ ಕೇಳ್ರಿ," ಎಂದಳು. ನಾನು ನಿಜ ಹೇಳುತ್ತೇನೆಂದು ಅವಳಿಗೆ ಅನುಮಾನವೇ ಇರಲಿಲ್ಲ.

ಎಲ್ಲರೂ ನನ್ನನ್ನು ನೋಡಿದರು. ಬಾಗಿಲ ಬಳಿ ಅಪ್ಪ, ಸೌಟು ಹಿಡಿದ ಅವ್ವ, ಬೀದಿಯಾಚೆಯಿಂದ ಎದ್ದು ಬಂದ ಹಿರಿಯರು. ಇಷ್ಟು ಜನರ ಮುಂದೆ ನಾನು ಹಿಂದೆಂದೂ ಬಾಯಿ ತೆರೆದವಳಲ್ಲ. ನನ್ನ ಬಾಯಲ್ಲಿ ತುತ್ತು ಇತ್ತು. ಅದನ್ನು ನುಂಗಿದೆ.

"ಕರದ್ಲು," ಎಂದೆ.

ಅಪ್ಪ, "ಸರಿಯಾಗಿ ನೆನಪು ಮಾಡ್ಕೋ, ಮಗಾ," ಎಂದರು.

"ಕರದ್ಲು. ಕೈ ಹಿಡಿದು ಹಾಕಿದ್ಲು."

ಹಡಗದಾಕಿ ಸೆರಗಿನೊಳಗಿಂದ ಎಡಗೈ ತೆಗೆದು, ಎರಡೂ ಕೈಯಿಂದ ಎಲೆ ಮಡಚಿ ಎತ್ತಿಕೊಂಡು ಕಟ್ಟೆ ಇಳಿದಳು. ಪಾಯಸ ಎಲೆಯಿಂದ ಸೋರಿ ಕಲ್ಲಿನ ಮೇಲೆ ಗೆರೆ ಬಿತ್ತು. ಹಿರಿಯರು ಅವಳಿಗೆ ದಾರಿ ಬಿಟ್ಟು ದೂರ ಸರಿದರು, ಆಮೇಲೆ ಅವಳ ಹಿಂದೆಯೇ ನಡೆದರು.

ಅವ್ವ ನನಗೆ ಪಂಚಗವ್ಯ ಕುಡಿಸಿ, ತಲೆಯ ಮೇಲೆ ನೀರು ಹುಯ್ದು, ಬೇರೆ ಲಂಗ ಉಡಿಸಿದರು. ಇನ್ನು ಶಾಲೆ ಸಾಕು ಎಂದು ಅಜ್ಜಿ ಹೇಳಿದರು. ಅಪ್ಪ ಎದುರಾಡಲಿಲ್ಲ. ಅವರು ನನ್ನನ್ನು ನೋಡಲೂ ಇಲ್ಲ, ಶಲ್ಯ ಹೊದ್ದು ಊರ ಹೊರಗೆ ಅವಳ ಗುಡಿಸಲಿದ್ದ ಕಡೆ ಹೊರಟರು. ಹೋದವರು ಬೇಗ ಮರಳಿದರು. ಜನ ಸೇರಿದ್ದಾರೆ, ಹತ್ತಿರ ಹೋಗಲು ಬಿಡುತ್ತಿಲ್ಲ ಎಂದು ಅವ್ವನಿಗೆ ಹೇಳುವುದು ಕೇಳಿಸಿತು. ಅವಳು ರಾಯಚೂರಿನ ಸ್ಟೇಷನ್ನಿಗೆ ಹೋದಳೆಂದು ಆಮೇಲೆ ಕೆಲವರು ಹೇಳಿದರು. ಮಟಮಾರಿಯ ದಾರಿಯಲ್ಲಿ ಕಂಡಳೆಂದು ಇನ್ನು ಕೆಲವರು. ಅಪ್ಪ ಮೂರು ಸಲ ರಾಯಚೂರಿಗೆ ಹೋಗಿ ಹುಡುಕಿದರು, ಸಿಗಲಿಲ್ಲ.

ಆ ಸಂಜೆ ದೀಪ ಹಚ್ಚುವ ಹೊತ್ತಿಗೆ ಅಜ್ಜಿ ನನ್ನನ್ನು ತೊಡೆಯ ಪಕ್ಕ ಕೂರಿಸಿಕೊಂಡರು. ಮಡಿಯುಟ್ಟು ಯಾರನ್ನೂ ಮುಟ್ಟದ ಅಜ್ಜಿ ಅಂದು ನನ್ನ ಬೆನ್ನು ಸವರಿದರು. "ನಿಜಾ ಹೇಳಿದಿ, ಶಾಣ್ಯಾ ಕೂಸು," ಎಂದು ಮೊಸರನ್ನ ಕಲಸಿ ತುತ್ತು ಮಾಡಿದರು. ಊರ ಹೊರಗೆ ಅವಳ ಗುಡಿಸಲ ಕಡೆಯಿಂದ ಗಡಿಗೆಗಳು ಒಡೆಯುವ ಸಪ್ಪಳ ಕೇಳಿಸುತ್ತಿತ್ತು. ಒಂದು, ಸ್ವಲ್ಪ ಹೊತ್ತಿಗೆ ಇನ್ನೊಂದು. ಅಜ್ಜಿಯ ಕೈ ನನ್ನ ತುಟಿಯ ಹತ್ತಿರ ಬಂತು. ನಾನು ಬಾಯಿ ತೆರೆದೆ.